ಆರಾಧನೆಯ ಹೊತ್ತಿನಲ್ಲಿ ಮಕ್ಕಳು ಯಾರ ಕಣ್ಣಳತೆಯಲ್ಲಿರುತ್ತಾರೆ?

ಭಾನುವಾರ ಬೆಳಿಗ್ಗೆ ಎರಡನೆಯ ಕೀರ್ತನೆ ಮುಗಿಯುತ್ತಿದ್ದಂತೆ ನಮ್ಮ ಕ್ರೈಸ್ತ ಸಭೆಯ ಮಕ್ಕಳು ಬೆಂಚುಗಳಿಂದೆದ್ದು, ಪಕ್ಕದ ಬಾಗಿಲಿನಿಂದ ಹೊರಬಂದು, ದೇವಾಲಯದ ಹಿಂದಿರುವ ಹೆಂಚಿನ ಮಾಡಿನ ಹಳೆಯ ಹಾಲ್‌ಗೆ ಹೋಗುತ್ತಾರೆ. ವೇದಪಾಠ, ಪ್ರಸಂಗ, ಕಾಣಿಕೆ, ಪ್ರಾರ್ಥನೆಗಳೆಲ್ಲ ಮುಗಿದು ಆಶೀರ್ವಾದವಾಗುವ ತನಕ ಅವರು ಅಲ್ಲಿಯೇ ಇರುತ್ತಾರೆ. ಅಷ್ಟು ಹೊತ್ತು ಅವರ ತಂದೆತಾಯಂದಿರು ದೇವಾಲಯದೊಳಗೆ ನೆಮ್ಮದಿಯಿಂದ ಕುಳಿತು ಪ್ರಸಂಗ ಕೇಳುತ್ತಾರೆಂದರೆ ಅದಕ್ಕೆ ಕಾರಣ ಹಾಲ್‌ನಲ್ಲಿರುವ ಕೆಲವು ಸ್ವಯಂಸೇವಕರು. ಕರಾವಳಿಯ ಈ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ನಾನು ಹಲವು ವರ್ಷಗಳಿಂದ ಆ ಸ್ವಯಂಸೇವಕರಲ್ಲಿ ಒಬ್ಬಳಾಗಿದ್ದೇನೆ. ಮಕ್ಕಳಿಗೆ ಏನು ಕಲಿಸಬೇಕು ಎಂಬುದರ ಬಗ್ಗೆ ನಮ್ಮ ಸಭೆಗಳಲ್ಲಿ ಬೇಕಾದಷ್ಟು ಚರ್ಚೆಯಾಗುತ್ತದೆ. ಕಲಿಸುವ ಹೊತ್ತಿನಲ್ಲಿಯೂ ಅದರ ಆಚೀಚೆಯೂ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ವಿಷಯ ಬಂದಾಗ ಮಾತ್ರ ಒಂದೇ ವಾಕ್ಯದಲ್ಲಿ ಚರ್ಚೆ ಮುಗಿದುಹೋಗುತ್ತದೆ: "ನಮ್ಮ ಸಭೆಯಲ್ಲಿ ಎಲ್ಲರೂ ಗೊತ್ತಿದ್ದವರೇ ಅಲ್ಲವೇ?"

ಎಲ್ಲರೂ ಗೊತ್ತಿದ್ದವರು ಎಂಬುದು ನಿಜ. ಮೂರು ನಾಲ್ಕು ತಲೆಮಾರುಗಳಿಂದ ಒಂದೇ ದೇವಾಲಯಕ್ಕೆ ಬರುವ ಕುಟುಂಬಗಳು ನಮ್ಮವು. ಆದರೆ ಮಕ್ಕಳ ಸುರಕ್ಷತೆಯನ್ನು ಈ ಪರಿಚಯದ ಮೇಲೆ ಬಿಟ್ಟುಬಿಡುವುದು ತಪ್ಪು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಎಲ್ಲರೂ ಗೊತ್ತಿದ್ದವರಾದ ಕಡೆ ಎಲ್ಲರೂ ನೋಡುತ್ತಾರೆಂದು ಎಲ್ಲರೂ ಭಾವಿಸುತ್ತಾರೆ. ಕೊನೆಗೆ ಇಂಥ ಹೊತ್ತಿನಲ್ಲಿ ಈ ಮಗು ಯಾರ ಜವಾಬ್ದಾರಿಯಲ್ಲಿತ್ತು ಎಂದು ಕೇಳಿದರೆ ಒಬ್ಬರ ಹೆಸರನ್ನೂ ಹೇಳಲಾಗುವುದಿಲ್ಲ.

ಭಾನುವಾರ ಶಾಲೆ ಹುಟ್ಟಿದ್ದೇ ಮಕ್ಕಳ ಮೇಲೆ ಯಾರೂ ನಿಗಾ ಇಡದಿದ್ದ ಪರಿಸ್ಥಿತಿಯಲ್ಲಿ. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ 1780ರಲ್ಲಿ ಪತ್ರಿಕಾ ಸಂಪಾದಕರಾಗಿದ್ದ ರಾಬರ್ಟ್ ರೇಕ್ಸ್ ಇದನ್ನು ಆರಂಭಿಸಿದಾಗ, ವಾರವಿಡೀ ದುಡಿಯುತ್ತಿದ್ದ ಬಡಮಕ್ಕಳಿಗೆ ಭಾನುವಾರ ಮಾತ್ರ ರಜೆ, ಆ ದಿನ ಅವರು ಬೀದಿಯಲ್ಲಿ ಅಲೆಯುತ್ತಿದ್ದರು. ಅವರನ್ನು ಒಂದೆಡೆ ಸೇರಿಸಿ ಓದು ಬರಹ ಕಲಿಸುವುದು ರೇಕ್ಸ್ ಅವರ ಉದ್ದೇಶವಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡ್ ಮೂಲದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಶಾಲೆಗಳನ್ನು ಕಟ್ಟಿದರು, ಮುದ್ರಣಾಲಯ ಕಟ್ಟಿದರು, ಹೆಂಚಿನ ಕಾರ್ಖಾನೆಗಳನ್ನು ಕಟ್ಟಿದರು. ಅವರ ಪರಂಪರೆಯಲ್ಲಿ ಬೆಳೆದ ನಮ್ಮ ಸಭೆಗಳಿಗೆ ಮಕ್ಕಳಿಗೆ ಕಲಿಸುವುದು ರಕ್ತದಲ್ಲಿಯೇ ಬಂದಿದೆ. ವಾಕ್ಯ ಬಾಯಿಪಾಠ, ಹಾಡು, ಸ್ಪರ್ಧೆ, ಬೇಸಿಗೆ ರಜೆಯಲ್ಲಿ ವಿಬಿಎಸ್ (ರಜಾಕಾಲದ ಬೈಬಲ್ ಶಾಲೆ) ಇವು ಯಾವುವೂ ಕುಂದಿಲ್ಲ. ಕುಂದಿರುವುದು ಪಾಠಗಳ ನಡುವಿನ ಸಂದಿಗಳ ಬಗೆಗಿನ ಯೋಚನೆ.

ನಾನು ನೋಡಿರುವಂತೆ ಪಾಠ ನಡೆಯುವ ಹೊತ್ತು ಬಹುಮಟ್ಟಿಗೆ ಸುರಕ್ಷಿತ. ಟೀಚರ್ ಎದುರಿಗಿರುತ್ತಾರೆ, ಮಕ್ಕಳು ಚಾಪೆಯ ಮೇಲೆ ಕುಳಿತಿರುತ್ತಾರೆ, ಬಾಗಿಲು ತೆರೆದಿರುತ್ತದೆ. ಅಪಾಯ ಇರುವುದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಗುವನ್ನು ಒಪ್ಪಿಸುವಾಗ. ದೇವಾಲಯದಿಂದ ಹಾಲ್‌ಗೆ ಹೋಗುವ ದಾರಿಯನ್ನೇ ತೆಗೆದುಕೊಳ್ಳಿ. ಹಳೆಯ ಮಿಷನ್ ಕಂಪೌಂಡುಗಳಲ್ಲಿ ಇರುವಂತೆ ನಮ್ಮಲ್ಲಿಯೂ ಒಂದು ಬಾವಿಯಿದೆ, ಕಟ್ಟೆ ದೊಡ್ಡವರ ಸೊಂಟದೆತ್ತರಕ್ಕೂ ಇಲ್ಲ. ಮಳೆಗಾಲದಲ್ಲಿ ಕೆಂಪುಕಲ್ಲಿನ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟುತ್ತದೆ. ತಡವಾಗಿ ಬಂದವರ ಕಾರುಗಳು ಅದೇ ಅಂಗಳದಲ್ಲಿ ಜಾಗ ಹುಡುಕುತ್ತಾ ಹಿಂದೆ ಮುಂದೆ ಆಡುತ್ತಿರುತ್ತವೆ, ಹಿಂದಕ್ಕೆ ತೆಗೆಯುವ ಕಾರಿನ ಚಾಲಕನಿಗೆ ಮೂರು ವರ್ಷದ ಮಗು ಕನ್ನಡಿಯಲ್ಲಿ ಕಾಣಿಸುವುದೇ ಇಲ್ಲ. ಈಗ ನಾವು ಮಾಡಿರುವುದು ಸರಳ: ಬಾವಿಗೆ ಬೀಗ ಹಾಕಿದ ಕಬ್ಬಿಣದ ಜಾಲರಿ, ಮಕ್ಕಳ ಸಾಲಿನ ಮುಂದೆ ಒಬ್ಬರು, ಹಿಂದೆ ಒಬ್ಬರು, ದೇವಾಲಯದ ಬಾಗಿಲಿನಲ್ಲಿ ಒಂದು ಎಣಿಕೆ, ಹಾಲ್‌ನ ಬಾಗಿಲಿನಲ್ಲಿ ಇನ್ನೊಂದು, ಆರಾಧನೆ ಆರಂಭವಾದ ಮೇಲೆ ಹಿಂದಿನ ಅಂಗಳಕ್ಕೆ ವಾಹನ ಬಿಡದಂತೆ ಒಂದು ಸರಪಳಿ. ಆ ಸರಪಳಿ ಹಾಕಿಸುವುದಕ್ಕೆ ಕಮಿಟಿಯಲ್ಲಿ ಆದಷ್ಟು ವಾದ ಇನ್ನಾವುದಕ್ಕೂ ಆಗಲಿಲ್ಲ.

ಎರಡನೆಯ ಸಂದಿ ಶೌಚಾಲಯ. ಪುಟ್ಟ ಮಗು ಕಿರುಬೆರಳು ಎತ್ತಿದರೆ ಯಾರಾದರೂ ಒಬ್ಬರು ಕೈಹಿಡಿದು ಕರೆದುಕೊಂಡು ಹೋಗುವುದು ನಮ್ಮ ಅಭ್ಯಾಸ, ಅದರಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಈಗ ಒಬ್ಬರೇ ಒಂದು ಮಗುವಿನ ಜೊತೆ ಹೋಗುವುದಿಲ್ಲ. ಇಬ್ಬರು ದೊಡ್ಡವರು ಹೋಗುತ್ತಾರೆ, ಹೊರಗಿನ ಬಾಗಿಲು ತೆರೆದಿರುತ್ತದೆ, ಬಟ್ಟೆ ಸರಿಪಡಿಸುವುದಕ್ಕೆ ತಾನಾಗಿ ಆಗದ ವಯಸ್ಸಿನ ಮಗುವಾದರೆ ತಾಯಿಯನ್ನೋ ತಂದೆಯನ್ನೋ ದೇವಾಲಯದೊಳಗಿನಿಂದ ಕರೆಯುತ್ತೇವೆ. ಪ್ರಸಂಗದ ನಡುವೆ ಎದ್ದುಬರುವುದು ಪೋಷಕರಿಗೆ ಮುಜುಗರವೆನಿಸಬಹುದು ಎಂದು ಕೆಲವರು ಹೇಳಿದರು. ಸಭಾಪಾಲಕರೇ ಒಂದು ಭಾನುವಾರ ಪ್ರಕಟಣೆಗಳ ಹೊತ್ತಿನಲ್ಲಿ, ಮಗುವಿನ ಕರೆಗೆ ಎದ್ದುಹೋಗುವವರ ಕಡೆಗೆ ಯಾರೂ ತಿರುಗಿ ನೋಡಬಾರದು ಎಂದು ಹೇಳಿದ ಮೇಲೆ ಆ ಮಾತು ನಿಂತಿತು.

ಮೂರನೆಯದು ಕರ್ತನ ಭೋಜನದ, ಅಂದರೆ ಸಭೆಯವರು ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ಪಾಲುಗೊಳ್ಳುವ ಭಾನುವಾರ, ಇದನ್ನು ಹೊರಗಿನವರು ಊಹಿಸಲಾರರು. ಹಾಲ್‌ನಲ್ಲಿರುವ ಸ್ವಯಂಸೇವಕರಿಗೂ ಭೋಜನದಲ್ಲಿ ಭಾಗವಹಿಸುವ ಆಸೆಯಿರುತ್ತದೆ, ಇರಬೇಕಾದದ್ದೇ. ಹಾಗಾಗಿ ಆ ಹೊತ್ತಿಗೆ ಒಬ್ಬೊಬ್ಬರಾಗಿ ಮೆಲ್ಲನೆ ದೇವಾಲಯದ ಕಡೆಗೆ ಹೋಗುತ್ತಿದ್ದರು. ಹಿಂದೆ ಉಳಿಯುತ್ತಿದ್ದವರು ಯುವಕ ಸಂಘದ ಇಬ್ಬರು ಹುಡುಗಿಯರು, ಭೋಜನದಲ್ಲಿ ಸೇರಲು ಬೇಕಾದ ದೃಢೀಕರಣದ ವಿಧಿ ಅವರಿಗಿನ್ನೂ ಆಗದಿದ್ದ ಕಾರಣಕ್ಕೆ. ಅಂದರೆ ತಿಂಗಳಿಗೊಮ್ಮೆ, ಅತಿ ಹೆಚ್ಚು ಜನ ದೇವಾಲಯಕ್ಕೆ ಬರುವ ದಿನವೇ, ಸಭೆಯ ಅಷ್ಟೂ ಮಕ್ಕಳನ್ನು ಹದಿನೈದು ಹದಿನಾರು ವಯಸ್ಸಿನವರು ನೋಡಿಕೊಳ್ಳುತ್ತಿದ್ದರು. ಈಗ ಆಶೀರ್ವಾದದ ನಂತರ, ಮಕ್ಕಳೆಲ್ಲ ಮನೆಯವರ ಕೈಸೇರಿದ ಮೇಲೆ, ಸಭಾಪಾಲಕರು ಸ್ವಯಂಸೇವಕರಿಗೆ ಬೇರೆಯಾಗಿ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಕೊಡುತ್ತಾರೆ. ಐದು ನಿಮಿಷದ ಕೆಲಸ. ನನಗೆ ವೈಯಕ್ತಿಕವಾಗಿ ಇದಕ್ಕಿಂತ ಅರ್ಥವತ್ತಾದ ಭೋಜನ ಬೇರೆಯಿಲ್ಲ.

ಆ ಹುಡುಗಿಯರ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ನಮ್ಮ ದೇಶದ ಪೋಕ್ಸೋ ಕಾನೂನಿನ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ಹದಿನಾರರ ಸ್ವಯಂಸೇವಕಿಯೂ ಸಭೆ ಕಾಯಬೇಕಾದ ಮಗುವೇ ಹೊರತು ಮಕ್ಕಳನ್ನು ಕಾಯುವ ವಯಸ್ಕಳಲ್ಲ. ಅವಳು ಹಾಡು ಕಲಿಸಬಹುದು, ಬಣ್ಣ ಹಚ್ಚಿಸಬಹುದು, ಪುಟ್ಟವರು ಅವಳನ್ನೇ ಹೆಚ್ಚು ಹಚ್ಚಿಕೊಂಡಿರಲೂಬಹುದು. ಆದರೆ ಕೋಣೆಯಲ್ಲಿ ಇಬ್ಬರು ದೊಡ್ಡವರಿರಬೇಕು ಎಂದು ಎಣಿಸುವಾಗ ಅವಳನ್ನು ಎಣಿಸಕೂಡದು. ಜೊತೆಗೆ, ಅವಳೊಬ್ಬಳೇ ಒಬ್ಬ ಹಿರಿಯ ಸ್ವಯಂಸೇವಕರೊಂದಿಗೆ ಸಾಮಾನು ಕೋಣೆಯಲ್ಲಿ ಕ್ರಿಸ್ಮಸ್ ನಾಟಕದ ಬಟ್ಟೆ ಹುಡುಕುವ ಪರಿಸ್ಥಿತಿಯೂ ಬರಕೂಡದು. ಕಿರಿಯ ಸ್ವಯಂಸೇವಕರನ್ನು ನಾವು ಕೆಲಸಕ್ಕೆ ಬಳಸಿಕೊಳ್ಳುತ್ತೇವೆ, ರಕ್ಷಣೆಯ ಲೆಕ್ಕಕ್ಕೆ ಬಂದಾಗ ಮರೆಯುತ್ತೇವೆ. ಇದು ಬಹಳ ಸಭೆಗಳಲ್ಲಿ ನಾನು ಕಂಡಿರುವ ಸಂಗತಿ.

ಇಬ್ಬರು ದೊಡ್ಡವರು ಇರಲೇಬೇಕು ಎಂಬ ನಿಯಮವನ್ನು ಮೊದಲು ಪ್ರಸ್ತಾಪಿಸಿದಾಗ ನಮ್ಮ ಹಿರಿಯ ಟೀಚರ್ ಒಬ್ಬರಿಗೆ ತೀರಾ ನೋವಾಯಿತು. ಅವರು ನನಗೂ ಬಾಲ್ಯದಲ್ಲಿ ಕಲಿಸಿದವರು. "ಇಷ್ಟು ವರ್ಷ ಸೇವೆ ಮಾಡಿದ ಮೇಲೆ ನನ್ನ ಮೇಲೆ ಅನುಮಾನವೇನಮ್ಮಾ?" ಎಂದು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿಯೂ ಬರೆಯುತ್ತೇನೆ. ಒಬ್ಬರಿಗೆ ವಿನಾಯಿತಿ ಕೊಟ್ಟ ದಿನವೇ ಆ ನಿಯಮ ಉಳಿದವರ ಮೇಲಿನ ಅನುಮಾನವಾಗುತ್ತದೆ, ಸಭಾಪಾಲಕರಿಗೂ ಬಿಷಪರಿಗೂ ಅನ್ವಯಿಸುವ ನಿಯಮದಲ್ಲಿ ಯಾರಿಗೂ ಅವಮಾನವಿಲ್ಲ. ಸುಳ್ಳು ಆರೋಪ ಬಂದರೆ ಸಾಕ್ಷಿಗೆ ನಿಲ್ಲುವವರು ಆ ಎರಡನೆಯವರೇ. ಮಗು ಬಿದ್ದು ತಲೆಗೆ ಪೆಟ್ಟಾದರೆ ಒಬ್ಬರು ಆಸ್ಪತ್ರೆಗೆ ಓಡಬೇಕು, ಇನ್ನೊಬ್ಬರು ಉಳಿದ ಮಕ್ಕಳ ಜೊತೆ ಇರಬೇಕು. ಅವರು ಒಪ್ಪಿದರು. ಈಗ ಹೊಸಬರಿಗೆ ಆ ನಿಯಮವನ್ನು ವಿವರಿಸುವವರು ಅವರೇ.

ಹಾಗೆಂದು ಲೈಂಗಿಕ ದೌರ್ಜನ್ಯದ ಮಾತನ್ನು ಬಳಸು ದಾರಿಯಲ್ಲಿ ಹೇಳಿ ಮುಗಿಸುವುದು ಪ್ರಾಮಾಣಿಕವಾಗದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 13 ರಾಜ್ಯಗಳಲ್ಲಿ ಮಾತನಾಡಿಸಿದ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚಿನವರು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದಾಗಿ ಹೇಳಿದ್ದರು. ದೌರ್ಜನ್ಯವೆಸಗಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಮಗು ನಂಬುವ ಸ್ಥಾನದಲ್ಲಿದ್ದವರು. "ಗೊತ್ತಿದ್ದವರೇ" ಎಂಬ ನಮ್ಮ ಸಮಾಧಾನ ಎಷ್ಟು ದುರ್ಬಲವೆಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಡ. ಆಸ್ಟ್ರೇಲಿಯಾದಲ್ಲಿ, ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ ಸರ್ಕಾರ ನೇಮಿಸಿದ ರಾಯಲ್ ಕಮಿಷನ್ ಎಂಬ ತನಿಖಾ ಆಯೋಗ ಐದು ವರ್ಷ ವಿಚಾರಣೆ ನಡೆಸಿ 2017ರ ಡಿಸೆಂಬರ್‌ನಲ್ಲಿ ಅಂತಿಮ ವರದಿ ಕೊಟ್ಟಿತು. ಬಹಳ ಮಂದಿ ಬಾಲ್ಯದಲ್ಲಿ ತಮಗಾದ ದೌರ್ಜನ್ಯವನ್ನು ಹತ್ತಾರು ವರ್ಷಗಳ ಬಳಿಕ ಆ ಆಯೋಗದ ಮುಂದೆ ಬಾಯಿಬಿಟ್ಟು ಹೇಳಿದರು, ಅವರಲ್ಲಿ ಹೆಚ್ಚಿನವರು ನೊಂದದ್ದು ಧಾರ್ಮಿಕ ಸಂಸ್ಥೆಗಳು ನಡೆಸುತ್ತಿದ್ದ ಸ್ಥಳಗಳಲ್ಲಿ. ಮಕ್ಕಳು ದೂರಿದಾಗ ಸಂಸ್ಥೆಗಳು ತಮ್ಮ ಹೆಸರನ್ನು ಕಾಪಾಡಿಕೊಂಡವು, ಮಕ್ಕಳನ್ನಲ್ಲ. ಇಂದು ಮೆಲ್ಬರ್ನ್‌ನಲ್ಲಿಯೋ ಸಿಡ್ನಿಯಲ್ಲಿಯೋ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳವರು ಅಲ್ಲಿಯ ಚರ್ಚಿನಲ್ಲಿ ಭಾನುವಾರ ಶಾಲೆಗೆ ಕಲಿಸಬೇಕೆಂದರೆ ಮೊದಲು ಸರ್ಕಾರದ ಪರಿಶೀಲನೆ ದಾಟಬೇಕು. ಅದನ್ನು ಅವರಾರೂ ಅವಮಾನವೆಂದು ತಿಳಿಯುವುದಿಲ್ಲ.

ನಮ್ಮಲ್ಲಿಯೂ ಕಾನೂನು ಸುಮ್ಮನಿಲ್ಲ. 2012ರ ಪೋಕ್ಸೋ ಕಾಯ್ದೆ ಧಾರ್ಮಿಕ ಸಂಸ್ಥೆಯ ಆಡಳಿತದಲ್ಲಿರುವವರು ಅಥವಾ ಸಿಬ್ಬಂದಿ ಆ ಸಂಸ್ಥೆಯಲ್ಲಿನ ಮಗುವಿನ ಮೇಲೆ ಎಸಗುವ ದೌರ್ಜನ್ಯವನ್ನು ಹೆಚ್ಚು ಕಠಿಣ ಶಿಕ್ಷೆಯ ವರ್ಗಕ್ಕೆ ಸೇರಿಸಿದೆ. ಅದರ 19ನೆಯ ಕಲಮಿನ ಪ್ರಕಾರ ಇಂಥ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಆತಂಕವಿರುವವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು; ತಿಳಿಸದಿದ್ದರೆ 21ನೆಯ ಕಲಮಿನಡಿ ಶಿಕ್ಷೆಯಿದೆ, ಸಂಸ್ಥೆಯ ಹೊಣೆ ಹೊತ್ತವರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಸದುದ್ದೇಶದಿಂದ ತಿಳಿಸಿದವರಿಗೆ ಅದೇ ಕಾನೂನು ರಕ್ಷಣೆ ಕೊಡುತ್ತದೆ. ಮಕ್ಕಳ ಜೊತೆ ನಿಯಮಿತವಾಗಿ ಸಂಪರ್ಕವಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕು, ಅವರಿಗೆ ತರಬೇತಿ ಕೊಡಿಸಬೇಕು ಎಂದು 2020ರ ಪೋಕ್ಸೋ ನಿಯಮಗಳು ಹೇಳುತ್ತವೆ. ಸಂಬಳವಿಲ್ಲದ ಸ್ವಯಂಸೇವಕರನ್ನು ಇದರಿಂದ ಹೊರಗಿಡುವುದಕ್ಕೆ ನನಗೆ ಯಾವ ಕಾರಣವೂ ಕಾಣುವುದಿಲ್ಲ. ಮಗುವಿಗೆ ಸಂಬಳದವರು, ಸಂಬಳವಿಲ್ಲದವರು ಎಂಬ ವ್ಯತ್ಯಾಸ ತಿಳಿಯದು.

ಕಾನೂನಿಗಿಂತ ಗಟ್ಟಿಯಾಗಿ ನಿಂತಿರುವುದು ನಮ್ಮ ಒಂದು ಸ್ವಭಾವ. ಏನೇ ಆದರೂ ಸಭೆಯೊಳಗೆ ಮಾತನಾಡಿ ಮುಗಿಸೋಣ, ಹೊರಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ, ಹುಡುಗಿಯ ಮುಂದಿನ ಜೀವನ ನೋಡಬೇಕಲ್ಲ ಎಂಬ ಮಾತುಗಳನ್ನು ಒಳ್ಳೆಯವರೇ ಆಡುತ್ತಾರೆ, ದುಷ್ಟರಲ್ಲ. ಹಿರಿಯರ ಜಗಳವನ್ನು, ಆಸ್ತಿಯ ತಕರಾರನ್ನು ಸಭೆಯೊಳಗೆ ಬಗೆಹರಿಸಿಕೊಳ್ಳುವುದು ಸರಿ. ಮಗುವಿನ ಮೇಲಿನ ದೌರ್ಜನ್ಯ ಆ ಸಾಲಿಗೆ ಸೇರುವುದಿಲ್ಲ. ಸಣ್ಣವರಲ್ಲಿ ಒಬ್ಬರಿಗೆ ಕೇಡು ಮಾಡುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಅವನಿಗೆ ಮೇಲು ಎಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯಲ್ಲಿದೆ. ಇಡೀ ಸುವಾರ್ತೆಯಲ್ಲಿ ಇಷ್ಟು ಕಠೋರವಾದ ಮಾತುಗಳು ಹೆಚ್ಚಿಲ್ಲ. ನಾವು ಅದನ್ನು ವೇದಪಾಠದಲ್ಲಿ ಓದಿ ಕಮಿಟಿಯ ಕೋಣೆಯಲ್ಲಿ ಮರೆಯಬಾರದು. ಮಗು ಏನಾದರೂ ಹೇಳಿದರೆ ಸ್ವಯಂಸೇವಕರು ಮಾಡಬೇಕಾದದ್ದನ್ನು ನಾವು ಹಾಲ್‌ನ ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದೇವೆ: ಗಾಬರಿ ತೋರಿಸದೆ ಕೇಳಬೇಕು, ಮಗು ಹೇಳಿದ ಮಾತುಗಳನ್ನು ಹಾಗೆಯೇ ಬರೆದಿಡಬೇಕು, ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ತನಿಖೆ ಮಾಡಬಾರದು, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬಾರದು, ಪೊಲೀಸರಿಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಹೊರಗಡೆ, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ದೊಡ್ಡದಾಗಿ ಬರೆಸಿದ್ದೇವೆ.

ದಿನನಿತ್ಯದ ಅಪಾಯಗಳ ಕಡೆಗೆ ಬಂದರೆ ನನ್ನನ್ನು ಹೆಚ್ಚು ಕಾಡುವುದು ತಿಂಡಿ. ಹುಟ್ಟುಹಬ್ಬದ ಹೆಸರಿನಲ್ಲಿ ಯಾರಾದರೊಬ್ಬರು ಮಕ್ಕಳಿಗೆಲ್ಲ ಏನಾದರೂ ಹಂಚುತ್ತಲೇ ಇರುತ್ತಾರೆ. ಇಡಿಯಾದ ಕಡಲೆಬೀಜ, ಗಟ್ಟಿ ಚಾಕಲೇಟು, ಕತ್ತರಿಸದ ದ್ರಾಕ್ಷಿ ಇವು ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕಿಕೊಂಡರೆ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಕೋಣೆಯಲ್ಲಿ ಒಬ್ಬರಿಗಾದರೂ ಮಗುವನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿನ ಮಧ್ಯೆ ಅಂಗೈಯ ಬುಡದಿಂದ ಹೊಡೆಯುವ ಕ್ರಮ, ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆಯನ್ನು ಒತ್ತದೆ ಎದೆಯನ್ನು ಒತ್ತಬೇಕೆಂಬ ವ್ಯತ್ಯಾಸ ಗೊತ್ತಿರಲೇಬೇಕು. ಸಭೆಯಲ್ಲಿ ನರ್ಸ್‌ಗಳಿಗೆ ಕೊರತೆಯಿಲ್ಲ. ಅವರಲ್ಲೊಬ್ಬರು ಗೊಂಬೆಯೊಂದನ್ನು ತಂದು ನಮಗೆಲ್ಲ ಕೈಯಲ್ಲಿ ಮಾಡಿಸಿ ಕಲಿಸಿದರು.

ಕ್ರಿಸ್ಮಸ್ ಹತ್ತಿರವಾದಾಗ ಬೆಂಕಿಯ ಯೋಚನೆ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲಾ ಸಮಾರಂಭವೊಂದರ ಶಾಮಿಯಾನಕ್ಕೆ ಬೆಂಕಿ ಹತ್ತಿ 400ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳಷ್ಟು ಮಕ್ಕಳು. ನಮ್ಮ ಕ್ರಿಸ್ಮಸ್ ಕಾರ್ಯಕ್ರಮವೂ ಅದೇ ವಾರದಲ್ಲಿ, ಅಂಥದೇ ಬಟ್ಟೆಯ ಚಪ್ಪರದ ಕೆಳಗೆ, ಸೀರಿಯಲ್ ಲೈಟು ಮತ್ತು ಮೊಂಬತ್ತಿಗಳ ನಡುವೆ ನಡೆಯುತ್ತದೆ. ದೇವದೂತರ ವೇಷದ ಪುಟ್ಟ ಮಕ್ಕಳು ನೈಲಾನ್ ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಉರಿಯುವ ಮೊಂಬತ್ತಿ ಹಿಡಿದು ಸಾಲಾಗಿ ಬರುವ ದೃಶ್ಯವನ್ನು ನಾನು ಬಲ್ಲೆ, ಅದರ ಫೋಟೋಗಳು ನಮ್ಮೆಲ್ಲರ ಮನೆಯ ಆಲ್ಬಮ್ಮಿನಲ್ಲಿವೆ. ಈಗ ಮಕ್ಕಳ ಕೈಯಲ್ಲಿರುವುದು ಬ್ಯಾಟರಿಯ ದೀಪ. ಚಪ್ಪರಕ್ಕೆ ಎರಡು ಕಡೆ ದಾರಿ ಬಿಡಿಸುತ್ತೇವೆ, ಆ ದಾರಿಗಳಲ್ಲಿ ಕುರ್ಚಿ ಇಡದಂತೆ ನೋಡಿಕೊಳ್ಳುವುದಕ್ಕೆ ಒಬ್ಬರನ್ನು ನೇಮಿಸುತ್ತೇವೆ.

ಆರಾಧನೆ ಮುಗಿದ ಮೇಲಿನ ಹೊತ್ತಿಗೆ ಚೀಟಿಯ ವ್ಯವಸ್ಥೆ ತಂದಿದ್ದೇವೆ. ಪ್ರತಿ ಮಗುವಿಗೂ ಒಂದು ಸಂಖ್ಯೆ. ಲ್ಯಾಮಿನೇಟ್ ಮಾಡಿದ ಒಂದು ಕಾರ್ಡು ಮಗುವಿನ ಬೆನ್ನಿಗೆ ಪಿನ್ ಮಾಡಿರುತ್ತದೆ, ಇನ್ನೊಂದು ಕರೆತಂದವರ ಕೈಯಲ್ಲಿ. ಎರಡೂ ಹೊಂದಿದರೆ ಮಾತ್ರ ಮಗುವನ್ನು ಒಪ್ಪಿಸುವುದು. ಒಮ್ಮೆ ಒಬ್ಬ ಅಜ್ಜ ಮೊಮ್ಮಗನನ್ನು ಕರೆದೊಯ್ಯಲು ಕಾರ್ಡಿಲ್ಲದೆ ಬಂದು, "ನಾನು ಯಾರೆಂದು ನಿನಗೆ ಗೊತ್ತಿಲ್ಲವೇ ಮಗಳೇ?" ಎಂದು ಬಾಗಿಲಿನಲ್ಲಿದ್ದ ಯುವತಿಯನ್ನು ಕೇಳಿದರು. ಅವಳು, "ಗೊತ್ತು ಅಂಕಲ್, ಆದರೂ ಕಾರ್ಡ್ ತರಬೇಕು. ನಿಮಗೆ ಕುರ್ಚಿ ಹಾಕುತ್ತೇನೆ, ಕುಳಿತುಕೊಳ್ಳಿ, ಮಗನಿಗೆ ನಾನೇ ಫೋನ್ ಮಾಡುತ್ತೇನೆ" ಎಂದಳು. ಮಗ ಚಹಾದ ಲೋಟ ಹಿಡಿದುಕೊಂಡೇ ಓಡಿಬಂದು ಕಾರ್ಡು ಕೊಟ್ಟ. ಅಜ್ಜ ಆ ದಿನ ಸಿಟ್ಟಿನಲ್ಲಿಯೇ ಹೋದರು. ತಂದೆತಾಯಿ ಬೇರೆಯಾಗಿ, ಮಗು ಯಾರ ಬಳಿ ಇರಬೇಕೆಂಬುದು ನ್ಯಾಯಾಲಯದಲ್ಲಿರುವ ಕುಟುಂಬಗಳು ನಮ್ಮ ಸಭೆಗಳಲ್ಲಿಯೂ ಇವೆ. ಬಾಗಿಲಿನಲ್ಲಿ ನಿಂತವರು ಮುಖ ನೋಡಿ ತೀರ್ಮಾನಿಸಬೇಕಾದ ಸಂಕಟವನ್ನು ಆ ಕಾರ್ಡು ತಪ್ಪಿಸುತ್ತದೆ.

ಎಲ್ಲ ಮಕ್ಕಳಿಗೂ ಒಂದೇ ಕ್ರಮ ಹೊಂದುವುದಿಲ್ಲ. ಆಟಿಸಂ ಇರುವ ಒಬ್ಬ ಹುಡುಗ ಆರ್ಗನ್ ಸದ್ದು ಜೋರಾದೊಡನೆ ಎದ್ದು ಗೇಟಿನ ಕಡೆಗೆ ಓಡುತ್ತಾನೆ. ಅವನಿಗೆಂದೇ ಒಬ್ಬರನ್ನು ಗೊತ್ತುಮಾಡಿದ್ದೇವೆ. ಅವರು ನಿವೃತ್ತ ಬಸ್ ಚಾಲಕರು, ಕೀರ್ತನೆಯ ಕೊನೆಯ ಚರಣ ಬರುವ ಮೊದಲೇ ಅವನ ಪಕ್ಕಕ್ಕೆ ಬಂದು ಕುಳಿತಿರುತ್ತಾರೆ. ಗಂಡಸರು ಈ ಕೆಲಸಕ್ಕೆ ಬರಬೇಕೆಂದು ನಾನು ಹೇಳುವುದು ಇಂಥವರನ್ನು ನೋಡಿಯೇ. ಮಕ್ಕಳ ಉಸ್ತುವಾರಿಯೆಂದರೆ ಸ್ತ್ರೀ ಸಮಾಜದ ಪಾಲಿನ ಕೆಲಸವೆಂದು ಬಿಟ್ಟಿರುವುದರಿಂದ ಕೆಲವೇ ಹೆಂಗಸರು ವರ್ಷವಿಡೀ ಒಂದು ಪ್ರಸಂಗವನ್ನೂ ಪೂರ್ತಿಯಾಗಿ ಕೇಳಿರುವುದಿಲ್ಲ. ದಣಿದವರ ಕಣ್ಣು ತಪ್ಪುತ್ತದೆ. ತಿಂಗಳಲ್ಲಿ ಒಂದು ಭಾನುವಾರಕ್ಕಿಂತ ಹೆಚ್ಚು ಯಾರಿಗೂ ಸರದಿ ಬರಬಾರದು, ಅಷ್ಟು ಜನ ಸಿಗದಿದ್ದರೆ ಮಕ್ಕಳನ್ನು ಆ ವಾರ ತಂದೆತಾಯಿಯ ಜೊತೆ ದೇವಾಲಯದಲ್ಲಿಯೇ ಕೂರಿಸಬೇಕು. ಗಲಾಟೆಯಾದರೆ ಆಗಲಿ.

ದೀಕ್ಷಾಸ್ನಾನದ ದಿನ ಮಗುವಿನ ಹೊಣೆಯನ್ನು ತಂದೆತಾಯಿಯ ಜೊತೆ ಸಭೆಯೂ ಹೊರುತ್ತದೆ. ನಮ್ಮ ವಾರ್ಷಿಕ ಸಭೆಯಲ್ಲಿ ಮಾಡಿನ ದುರಸ್ತಿಗೆ ಎಷ್ಟಾಯಿತು, ಮೈಕ್ ಸೆಟ್ಟಿಗೆ ಎಷ್ಟಾಯಿತು ಎಂಬ ಲೆಕ್ಕವನ್ನು ಓದುತ್ತಾರೆ, ಹಿರಿಯರು ಪ್ರಶ್ನೆ ಕೇಳುತ್ತಾರೆ, ಕಾರ್ಯದರ್ಶಿ ಉತ್ತರಿಸುತ್ತಾರೆ. ಮಕ್ಕಳ ಸುರಕ್ಷತೆಯ ವರದಿಯೂ ಆ ಕಾರ್ಯಸೂಚಿಯಲ್ಲಿ ಸೇರಬೇಕೆಂದು ಕಮಿಟಿಗೆ ಬರೆದುಕೊಟ್ಟಿದ್ದೇನೆ. ಎಷ್ಟು ಸ್ವಯಂಸೇವಕರ ಪರಿಶೀಲನೆಯಾಗಿದೆ, ಎಷ್ಟು ಮಂದಿಗೆ ತರಬೇತಿಯಾಗಿದೆ, ಯಾವ ಯಾವ ಅವಘಡಗಳಾದವು, ಅವುಗಳ ನಂತರ ಏನು ಬದಲಾಯಿತು ಎಂಬುದನ್ನು ಇಡೀ ಸಭೆಯ ಮುಂದೆ ಓದಬೇಕು, ಅದರ ಮೇಲೆಯೂ ಪ್ರಶ್ನೆಗಳು ಬರಬೇಕು. ಸಭಾಪಾಲಕರು ಒಪ್ಪಿದ್ದಾರೆ. ವರದಿ ಸಿದ್ಧಪಡಿಸುವ ಕೆಲಸವನ್ನು ಆ ನಿವೃತ್ತ ಚಾಲಕರೂ ನಾನೂ ಸೇರಿ ಆರಂಭಿಸಿದ್ದೇವೆ.